ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್‌ಗಳಿಗೆ ಯಾವ ತರಬೇತಿ ಬೇಕೆಂದು ಗುರುತಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವೈದ್ಯಾಧಿಕಾರಿಗಳು, ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಮೇಲ್ವಿಚಾರಕರು, ತರಬೇತುದಾರರು ಹಾಗೂ ಸ್ವತಃ ನರ್ಸ್‌ಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಉದಾಹರಣೆಗಳು ಬಹುತೇಕ ಕರ್ನಾಟಕದ ಗ್ರಾಮೀಣ ಕೇಂದ್ರಗಳಿಗೆ ಸಂಬಂಧಿಸಿದವು.

ತರಬೇತಿಯ ಅಗತ್ಯ ಎಂದರೆ ನಿಖರವಾಗಿ ಏನು?

ಒಂದು ಕೇಂದ್ರದ ರೋಗಿಗಳಿಗೆ ನರ್ಸ್‌ನಿಂದ ಸಿಗಬೇಕಾದ ಆರೈಕೆಗೂ ಈಗ ಸಿಗುತ್ತಿರುವ ಆರೈಕೆಗೂ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಮೊದಲು ಅಳೆಯಬೇಕು. ಆ ಅಂತರದಲ್ಲಿ ಕಲಿಕೆಯಿಂದ ತುಂಬಬಹುದಾದ ಪಾಲು ಎಷ್ಟಿದೆಯೋ ಅಷ್ಟು ಮಾತ್ರ ತರಬೇತಿಯ ಅಗತ್ಯ. ಉಳಿದ ಪಾಲಿಗೆ ಔಷಧಿಯ ಕೊರತೆ, ಕೆಟ್ಟು ಕುಳಿತ ಉಪಕರಣ, ಸಾಕಷ್ಟಿಲ್ಲದ ಸಿಬ್ಬಂದಿ ಅಥವಾ ಸ್ಪಷ್ಟ ಆದೇಶವಿಲ್ಲದಿರುವುದು ಕಾರಣವಾಗಿರಬಹುದು. ಇವೆರಡನ್ನೂ ಬೇರ್ಪಡಿಸುವುದೇ ಇಡೀ ಕೆಲಸದ ತಿರುಳು. ಬೇರ್ಪಡಿಸದೆ ಹೋದಲ್ಲಿ ವ್ಯವಸ್ಥೆಯ ಲೋಪ ನರ್ಸ್‌ನ ತಿಳಿವಳಿಕೆಯ ಕೊರತೆಯೆಂದು ದಾಖಲಾಗುತ್ತದೆ, ಆಕೆಗೆ ಗೊತ್ತಿರುವುದನ್ನೇ ಮತ್ತೆ ಕಲಿಸಿ ಕಳುಹಿಸಲಾಗುತ್ತದೆ, ಲೋಪ ಇದ್ದಲ್ಲೇ ಇರುತ್ತದೆ. ಇದು ನರ್ಸ್‌ಗೂ ಅನ್ಯಾಯ, ರೋಗಿಗೂ ನಷ್ಟ.

ಇಲಾಖೆಯಿಂದ ತರಬೇತಿಗಳು ಬರುತ್ತಲೇ ಇರುತ್ತವೆ. ಪ್ರತ್ಯೇಕವಾಗಿ ಅಗತ್ಯ ಗುರುತಿಸುವುದೇಕೆ?

ರಾಷ್ಟ್ರೀಯ ಕಾರ್ಯಕ್ರಮಗಳ ತರಬೇತಿ ಬೇಕೇ ಬೇಕು. ಹೆರಿಗೆ ಮಾಡಿಸುವ ನರ್ಸ್‌ಗಳಿಗೆ 21 ದಿನಗಳ ಎಸ್‌ಬಿಎ (ನುರಿತ ಹೆರಿಗೆ ಸಹಾಯಕಿ) ತರಬೇತಿ, 2009ರಲ್ಲಿ ಆರಂಭವಾದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ಎರಡು ದಿನಗಳ ತರಬೇತಿ, ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆಯ ತರಬೇತಿ, ಇವೆಲ್ಲ ಜೀವ ಉಳಿಸಲು ರೂಪಿಸಿದವು. ಆದರೆ ಅವು ಇಡೀ ದೇಶಕ್ಕೆ ಅನ್ವಯವಾಗುವ ಪಠ್ಯಗಳಾದ್ದರಿಂದ, ನಿಮ್ಮ ಕೇಂದ್ರದ ಯಾವ ನರ್ಸ್ ಯಾವ ಹಂತದಲ್ಲಿ ತಡವರಿಸುತ್ತಾರೆ ಎಂಬುದು ಆ ಪಠ್ಯಕ್ಕೆ ತಿಳಿಯುವ ಮಾತಲ್ಲ.

ಇನ್ನೊಂದು ಕಾರಣ ನಿಯೋಜನೆಗೆ ಸಂಬಂಧಿಸಿದ್ದು. ತರಬೇತಿಯ ಪತ್ರ ಬಂದಾಗ ಯಾರಿಗೆ ಅಗತ್ಯ ಎಂದು ನೋಡುವ ಬದಲು ಯಾರು ಪಾಳಿಯಿಂದ ಬಿಡುವಾಗಿದ್ದಾರೆ ಎಂದು ನೋಡಿ ಹೆಸರು ಕಳುಹಿಸುವ ರೂಢಿ ಅನೇಕ ಕಡೆ ಇದೆ. ಪರಿಣಾಮವಾಗಿ ಒಬ್ಬರೇ ನಾಲ್ಕಾರು ತರಬೇತಿ ಮುಗಿಸಿರುತ್ತಾರೆ, ರಾತ್ರಿ ಪಾಳಿಯಲ್ಲಿ ಒಂಟಿಯಾಗಿ ಹೆರಿಗೆ ನೋಡುವವರು ಒಂದಕ್ಕೂ ಹೋಗಿರುವುದಿಲ್ಲ. ಬೆರಳೆಣಿಕೆಯ ನರ್ಸ್‌ಗಳಿರುವ ಕೇಂದ್ರದಿಂದ ಒಬ್ಬರನ್ನು ಮೂರು ದಿನ ಕಳುಹಿಸಿದರೆ ಉಳಿದವರ ಮೇಲೆ ಬೀಳುವ ಹೊರೆ ಸಣ್ಣದಲ್ಲ. ಆ ಹೊರೆಗೆ ತಕ್ಕ ಪ್ರಯೋಜನ ಇದೆಯೇ ಎಂದು ಮೊದಲೇ ವಿಚಾರಿಸುವುದು ಕೇಂದ್ರದ ಹೊಣೆ.

ಯಾರನ್ನೆಲ್ಲ ಒಳಗೊಳ್ಳಬೇಕು?

ಪ್ರಾಥಮಿಕ ಆರೋಗ್ಯ ಕೇಂದ್ರದ ಶುಶ್ರೂಷಾಧಿಕಾರಿಗಳು, ಹಿಂದೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದು ಕರೆಯಲಾಗುತ್ತಿದ್ದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳು, ಉಪಕೇಂದ್ರ ಮಟ್ಟದ ಸಮುದಾಯ ಆರೋಗ್ಯ ಅಧಿಕಾರಿಗಳು ಮತ್ತು ನಗರಗಳಲ್ಲಿ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯಗಳ ನರ್ಸ್‌ಗಳು. ಒಳಗೊಳ್ಳಬೇಕು ನಿಜ, ಆದರೆ ಎಲ್ಲರ ಉತ್ತರಗಳನ್ನು ಒಂದೇ ರಾಶಿಗೆ ಹಾಕಬಾರದು. ಬಯಲು ಸೀಮೆಯಲ್ಲಿ ಸುಮಾರು 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 20,000 ಮತ್ತು 3,000 ಎಂಬುದು ಅಂಗೀಕೃತ ಪ್ರಮಾಣ. ಕೇಂದ್ರದ ನರ್ಸ್‌ಗೆ ಹೆರಿಗೆ, ತುರ್ತು ಚಿಕಿತ್ಸೆ, ಚುಚ್ಚುಮದ್ದಿನ ಕೊಠಡಿ ಮುಖ್ಯವಾದರೆ, ಸುರಕ್ಷಾಧಿಕಾರಿಗೆ ಲಸಿಕೆ ಮತ್ತು ಗರ್ಭಿಣಿಯರ ತಪಾಸಣೆ ಮುಖ್ಯ. 2018ರಲ್ಲಿ ಆರಂಭವಾಗಿ 2023ರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಮರುನಾಮಕರಣಗೊಂಡ ಕೇಂದ್ರಗಳ ಸಮುದಾಯ ಆರೋಗ್ಯ ಅಧಿಕಾರಿಗೆ ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಹಾಗೂ ಇ-ಸಂಜೀವಿನಿ ಎಂಬ ಆನ್‌ಲೈನ್ ಸೇವೆಯ ಮೂಲಕ ವೈದ್ಯರೊಡನೆ ಸಮಾಲೋಚನೆ ದಿನನಿತ್ಯದ ಕೆಲಸ. ಈ ಮೂವರ ಸರಾಸರಿ ತೆಗೆದರೆ ಬರುವ ಅಂಕಿ ಮೂವರಲ್ಲಿ ಯಾರಿಗೂ ಹೊಂದುವುದಿಲ್ಲ.

ಎಲ್ಲಿಂದ ಆರಂಭಿಸಬೇಕು: ನರ್ಸ್‌ನಿಂದಲೋ, ಕೆಲಸದಿಂದಲೋ, ಊರಿನಿಂದಲೋ?

ಸಂಸ್ಥೆ, ಕೆಲಸ, ವ್ಯಕ್ತಿ ಎಂಬ ಮೂರು ಹಂತಗಳಲ್ಲಿ ಅಗತ್ಯವನ್ನು ನೋಡಬೇಕೆಂದು ಮೆಕ್‌ಗೀ ಮತ್ತು ಥೇಯರ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಸೂಚಿಸಿದರು. ಇಂದಿಗೂ ಆ ಚೌಕಟ್ಟು ಬಳಕೆಯಲ್ಲಿದೆ. ಪ್ರಾಥಮಿಕ ಆರೈಕೆಯ ಮಟ್ಟಿಗೆ ಮೊದಲ ಹಂತಕ್ಕೆ ಊರನ್ನೂ ಸೇರಿಸಿಕೊಳ್ಳಬೇಕು, ಏಕೆಂದರೆ ಬಾಗಿಲಿಗೆ ಬರುವ ರೋಗ ಊರಿನಿಂದ ಊರಿಗೆ ಬೇರೆ.

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಮಲೆನಾಡಿನಲ್ಲಿ ಬೇಸಿಗೆಗೆ ಮುಂಚಿನ ತಿಂಗಳುಗಳಿಂದಲೇ ಕಾಣಿಸಿಕೊಳ್ಳುತ್ತದೆ. ಅಲ್ಲಿನ ನರ್ಸ್ ಜ್ವರದ ರೋಗಿಯನ್ನು ಕಂಡಾಗ ಕಾಡಿಗೆ ಹೋಗಿದ್ದಿರಾ, ತರಗೆಲೆ ತಂದಿರಾ, ಹತ್ತಿರದಲ್ಲಿ ಮಂಗ ಸತ್ತದ್ದು ಕಂಡಿರಾ ಎಂದು ಕೇಳಲು ಅಭ್ಯಾಸವಾಗಿರಬೇಕು. ಚಾಮರಾಜನಗರ ಮತ್ತು ಮೈಸೂರು ಜಿಲ್ಲೆಗಳ ಹಾಡಿಗಳಿಗೆ ಹೋಗುವ ಸುರಕ್ಷಾಧಿಕಾರಿಗೆ, 2023ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದ ಕುಡುಗೋಲು ಕಣ ರಕ್ತಹೀನತೆಯ (ಸಿಕಲ್ ಸೆಲ್) ತಪಾಸಣೆ ಮತ್ತು ಆ ಕುರಿತ ಆಪ್ತಸಮಾಲೋಚನೆ ಬೇಕು. ಹಾವು ಕಡಿತವನ್ನು ಕರ್ನಾಟಕ 2024ರ ಫೆಬ್ರವರಿಯಲ್ಲಿ ಅಧಿಸೂಚಿತ ರೋಗವಾಗಿ, ಅಂದರೆ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಬೇಕಾದ ರೋಗವಾಗಿ ಘೋಷಿಸಿತು. ಹಾಗಾಗಿ ಗದ್ದೆ ತೋಟಗಳ ನಡುವಿನ ಪ್ರತಿ ಕೇಂದ್ರದಲ್ಲಿಯೂ ಪ್ರತಿವಿಷ ಕೊಡುವಾಗ ಬರಬಹುದಾದ ಅಲರ್ಜಿಯನ್ನು ಗುರುತಿಸುವುದರಿಂದ ಹಿಡಿದು ಪ್ರಕರಣವನ್ನು ವರದಿ ಮಾಡುವವರೆಗೆ ಎಲ್ಲವೂ ನರ್ಸ್‌ಗೆ ತಿಳಿದಿರಬೇಕು. ಕಳೆದ ಒಂದು ವರ್ಷದ ಹೊರರೋಗಿಗಳ ಪುಸ್ತಕ ಮತ್ತು ಮೇಲಿನ ಆಸ್ಪತ್ರೆಗೆ ಕಳುಹಿಸಿದವರ ಪುಸ್ತಕ, ಈ ಎರಡನ್ನು ಮುಂದಿಟ್ಟುಕೊಂಡು ಕುಳಿತರೆ ಪಟ್ಟಿಯ ಅರ್ಧಭಾಗ ತಾನಾಗಿ ಸಿದ್ಧವಾಗುತ್ತದೆ.

ನರ್ಸ್‌ಗಳನ್ನೇ ಕೇಳಿದರೆ ಸಾಲದೇ?

ಕೇಳಲೇಬೇಕು, ಆದರೆ ಅಷ್ಟೇ ಸಾಲದು. ವೈದ್ಯರ ಸ್ವಯಂ ಮೌಲ್ಯಮಾಪನ ಎಷ್ಟು ನಿಖರ ಎಂಬುದರ ಕುರಿತ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ಲೇಖನವೊಂದು 2006ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಕೌಶಲ ಕಡಿಮೆಯಿದ್ದು ಆತ್ಮವಿಶ್ವಾಸ ಹೆಚ್ಚಿರುವವರ ಅಂದಾಜೇ ಅತಿ ಹೆಚ್ಚು ತಪ್ಪುತ್ತದೆ ಎಂಬುದು ಅದರಿಂದ ತಿಳಿದುಬಂದ ಸಂಗತಿಗಳಲ್ಲಿ ಒಂದು. ನರ್ಸ್‌ಗಳ ವಿಷಯದಲ್ಲಿ ಬೇರೆಯಾಗಲು ಕಾರಣವಿಲ್ಲ. ಇದಲ್ಲದೆ, ಅಪರೂಪದ ತುರ್ತುಸ್ಥಿತಿಗಳು ಯಾರ ಪಟ್ಟಿಯಲ್ಲೂ ಬರುವುದಿಲ್ಲ. ವರ್ಷದಲ್ಲಿ ಒಮ್ಮೆಯೂ ಗರ್ಭಿಣಿಯ ನಂಜಿನ ಫಿಟ್ಸ್ ಕಾಣದ ನರ್ಸ್‌ಗೆ ಮೆಗ್ನೀಸಿಯಂ ಸಲ್ಫೇಟ್‌ನ ಮೊದಲ ಡೋಸ್ ಎಷ್ಟು, ಎಲ್ಲಿ ಕೊಡಬೇಕು ಎಂಬುದನ್ನು ಅಭ್ಯಾಸ ಮಾಡಬೇಕು ಎಂದು ತಾನಾಗಿ ಹೊಳೆಯುವುದು ಕಷ್ಟ. ಅದು ಬೇಕಾದ ದಿನ ಪುಸ್ತಕ ತೆರೆಯಲು ಸಮಯವಿರುವುದಿಲ್ಲ.

ಆದರೂ ಕೇಳುವುದರಿಂದ ಮಾತ್ರ ಹೊರಬರುವ ಅಗತ್ಯಗಳಿವೆ. ಮದ್ಯ ಕುಡಿದು ರಾತ್ರಿ ಬಂದು ಕೂಗಾಡುವ ಸಂಬಂಧಿಕರನ್ನು ಹೇಗೆ ಎದುರಿಸಬೇಕು, ಆತ್ಮಹತ್ಯೆಗೆ ಯತ್ನಿಸಿ ಕೀಟನಾಶಕ ಕುಡಿದು ಬಂದವರೊಡನೆ ಹೊಟ್ಟೆ ತೊಳೆಯುವ ಕೆಲಸದಾಚೆಗೆ ಏನು ಮಾತನಾಡಬೇಕು, ಹೊಟ್ಟೆಯಲ್ಲೇ ಮಗು ತೀರಿಕೊಂಡಿದೆ ಎಂದು ತಾಯಿಗೆ ಯಾರು, ಹೇಗೆ ಹೇಳಬೇಕು ಎಂಬಂಥವು ತರಬೇತಿಯ ವೇಳಾಪಟ್ಟಿಗಳಲ್ಲಿ ಸಿಗುವುದು ಅಪರೂಪ. ನರ್ಸ್‌ಗಳ ಜೊತೆ ಬಿಡುವಾಗಿ ಕುಳಿತು ಮಾತನಾಡಿದರೆ ಮೊದಲು ಹೊರಬರುವುದು ಇವೇ. ಅದೂ ಮೇಲಧಿಕಾರಿ ಎದುರಿಗೆ ಕುಳಿತಿದ್ದರೆ ಬರುವುದಿಲ್ಲ. ನಾಲ್ಕೈದು ಕೇಂದ್ರಗಳ ನರ್ಸ್‌ಗಳನ್ನು ಒಂದೆಡೆ ಸೇರಿಸಿ, ಅವರ ವಾರ್ಷಿಕ ವರದಿ ಬರೆಯದ ಯಾರಾದರೂ ಈ ಚರ್ಚೆ ನಡೆಸುವುದು ಒಳಿತು.

ಈ ಉದ್ದೇಶಕ್ಕೆ ಸಿದ್ಧ ಪ್ರಶ್ನಾವಳಿ ಇದೆಯೇ?

ಇದೆ. ಬ್ರಿಟನ್ನಿನ ಹೆನ್ನೆಸಿ ಮತ್ತು ಹಿಕ್ಸ್ ಎಂಬ ತಜ್ಞೆಯರು 1990ರ ದಶಕದಲ್ಲಿ ಪ್ರಾಥಮಿಕ ಆರೈಕೆಯ ನರ್ಸ್‌ಗಳಿಗಾಗಿಯೇ ರೂಪಿಸಿದ ಪ್ರಶ್ನಾವಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಬಳಕೆಗೆ ಒದಗಿಸಿದೆ. ಅದರಲ್ಲಿ 30 ಕೆಲಸಗಳಿವೆ. ಸಂಶೋಧನೆ ಮತ್ತು ಪರಿಶೀಲನೆ, ಸಂವಹನ ಮತ್ತು ತಂಡದ ಕೆಲಸ, ಚಿಕಿತ್ಸಾ ಕಾರ್ಯಗಳು, ಆಡಳಿತ, ನಿರ್ವಹಣೆ ಮತ್ತು ಮೇಲ್ವಿಚಾರಣೆ ಎಂಬ ಐದು ವಿಭಾಗಗಳಲ್ಲಿ ಅವು ಹಂಚಿಕೊಂಡಿವೆ. ಪ್ರತಿ ಕೆಲಸಕ್ಕೂ ನರ್ಸ್ ಒಂದರಿಂದ ಏಳರವರೆಗೆ ಎರಡು ಅಂಕ ಕೊಡುತ್ತಾರೆ: ಈ ಕೆಲಸ ನನ್ನ ಹುದ್ದೆಗೆ ಎಷ್ಟು ಮುಖ್ಯ, ಅದನ್ನು ಈಗ ನಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೇನೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಅಗತ್ಯದ ಅಳತೆ ಸಿಗುತ್ತದೆ. ಪ್ರಶ್ನಾವಳಿಯ ವಿಸ್ತೃತ ರೂಪದಲ್ಲಿ ಇನ್ನೆರಡು ಅಂಕಗಳಿವೆ: ಈ ಕೊರತೆ ವ್ಯವಸ್ಥೆಯ ಬದಲಾವಣೆಯಿಂದ ಎಷ್ಟು ನೀಗುತ್ತದೆ, ತರಬೇತಿಯಿಂದ ಎಷ್ಟು ನೀಗುತ್ತದೆ. ಈ ಕೊನೆಯ ಎರಡನ್ನು ಬಿಡದೆ ಬಳಸಬೇಕೆಂಬುದು ನಮ್ಮ ಆಗ್ರಹದ ಸಲಹೆ. ನರ್ಸ್‌ನ ಬಾಯಿಂದಲೇ ಎರಡೂ ಕಾರಣಗಳು ಬೇರೆಬೇರೆಯಾಗಿ ದಾಖಲಾಗುವುದು ಅಲ್ಲಿಯೇ.

ಬ್ರಿಟನ್ನಿನ ಕೆಲಸದ ಪಟ್ಟಿಯನ್ನು ಇದ್ದ ಹಾಗೆಯೇ ಹಂಚಬಾರದು. ನಿಗದಿತ ಮಿತಿಯೊಳಗೆ ಅಂಶಗಳನ್ನು ಬದಲಿಸಲು, ಸೇರಿಸಲು ಅವಕಾಶವಿದೆ. ಕನ್ನಡದಲ್ಲಿ ಸಿದ್ಧಪಡಿಸಿ, ಕೆಲವು ನರ್ಸ್‌ಗಳಿಂದ ಓದಿಸಿ, ಎಲ್ಲಿ ತಡೆದು ನಿಲ್ಲುತ್ತಾರೆಂದು ನೋಡಿ ತಿದ್ದಿದ ಮೇಲೆ ಎಲ್ಲರಿಗೂ ಕೊಡಬೇಕು.

ಅಂಕಗಳನ್ನು ಹೇಗೆ ಓದಬೇಕು?

ಕಾಲ್ಪನಿಕ ಉದಾಹರಣೆ ನೋಡಿ. ನಾಯಿ ಕಡಿತದ ಮೂರನೇ ವರ್ಗದ, ಅಂದರೆ ಚರ್ಮ ಸೀಳಿದ ಗಾಯಕ್ಕೆ ಇಮ್ಯುನೋಗ್ಲಾಬ್ಯುಲಿನ್ (ರೇಬಿಸ್ ತಡೆಯುವ ಸಿದ್ಧ ಪ್ರತಿಕಾಯಗಳ ಮದ್ದು) ಕೊಡುವುದಕ್ಕೆ ಒಬ್ಬ ನರ್ಸ್ ಮುಖ್ಯತೆಯಲ್ಲಿ 7, ನಿರ್ವಹಣೆಯಲ್ಲಿ 3 ಕೊಟ್ಟಿದ್ದಾರೆ, ಅಂತರ 4. ಮಾಸಿಕ ವರದಿಯನ್ನು ಗಣಕಯಂತ್ರದಲ್ಲಿ ಭರ್ತಿ ಮಾಡುವುದಕ್ಕೆ 5 ಮತ್ತು 2, ಅಂತರ 3. ಮೊದಲನೆಯದಕ್ಕೆ ವ್ಯವಸ್ಥೆಯಿಂದ 2, ತರಬೇತಿಯಿಂದ 6 ಎಂದಿದ್ದರೆ ಅದು ನಿಜವಾದ ತರಬೇತಿಯ ಅಗತ್ಯ: ಗಾಯದ ಒಳಗೂ ಸುತ್ತಲೂ ಮದ್ದು ತುಂಬಲು ಕೈ ಹಿಂಜರಿಯುತ್ತಿದೆ, ಯಾರಾದರೂ ಪಕ್ಕದಲ್ಲಿ ನಿಂತು ಮಾಡಿಸಬೇಕು. ಎರಡನೆಯದಕ್ಕೆ ವ್ಯವಸ್ಥೆಯಿಂದ 6 ಎಂದಿದ್ದರೆ ಅಂತರ್ಜಾಲ ಸಂಪರ್ಕವನ್ನೋ ದತ್ತಾಂಶ ನಮೂದಕರ ಹುದ್ದೆಯನ್ನೋ ವಿಚಾರಿಸಬೇಕು. ಮುಖ್ಯತೆಯೂ ನಿರ್ವಹಣೆಯೂ ಎರಡೂ ಕಡಿಮೆ ಇರುವ ಕೆಲಸಗಳನ್ನೂ ಒಮ್ಮೆ ನೋಡಿ. ನಿಜಕ್ಕೂ ಅಗತ್ಯವಾದ ಕೆಲಸವನ್ನು ಇಡೀ ತಂಡ ಮುಖ್ಯವಲ್ಲ ಎಂದು ಭಾವಿಸಿದ್ದರೆ ಅಂತರ ಸೊನ್ನೆ ಬರುತ್ತದೆ, ಕೊರತೆ ಮರೆಯಾಗಿ ಉಳಿಯುತ್ತದೆ.

ಕೇಂದ್ರದಲ್ಲಿರುವ ಪುಸ್ತಕಗಳಿಂದ ಅಗತ್ಯ ತಿಳಿಯಬಹುದೇ?

ಬಹಳಷ್ಟು ತಿಳಿಯಬಹುದು. ರಕ್ತದೊತ್ತಡದ ಪುಸ್ತಕದ ಯಾವುದಾದರೂ ಒಂದು ಪುಟವನ್ನು ಬೆರಳಿಟ್ಟು ಓದಿ. 120/80, 130/80, 130/90, 120/80, 140/90 ಎಂದು ಪುಟದುದ್ದಕ್ಕೂ ಸೊನ್ನೆಯಲ್ಲೇ ಕೊನೆಗೊಳ್ಳುವ ಅಂಕಿಗಳಿದ್ದರೆ, ಅಳೆಯುವುದರ ಬದಲು ಅಂದಾಜು ನಡೆದಿದೆ ಎಂಬ ಗುಮಾನಿ ನ್ಯಾಯವಾದದ್ದು. ಪಾದರಸದ ಅಥವಾ ಮುಳ್ಳಿನ ಉಪಕರಣದಲ್ಲಿ ಹತ್ತಿರದ ಸಮಸಂಖ್ಯೆಗೆ, 122, 124 ಎಂಬಂತೆ ಓದಬೇಕು. ಡಿಜಿಟಲ್ ಉಪಕರಣವಾದರೆ 127, 83 ಎಂಬಂಥ ಅಂಕಿಗಳು ಬರಲೇಬೇಕು. ಆದರೆ ಗುಮಾನಿ ಬಂದ ಕೂಡಲೇ ತರಬೇತಿಗೆ ಹೆಸರು ಬರೆಯಬೇಡಿ. ಅಂದು ಬೆಳಿಗ್ಗೆ ಕೊಠಡಿಯಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿ. ರೋಗಿಯನ್ನು ಐದು ನಿಮಿಷ ಕೂರಿಸಿದರೇ, ಬೆನ್ನಿಗೆ ಆಸರೆ ಇತ್ತೇ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿತ್ತೇ, ಸೀರೆಯ ರವಿಕೆಯ ಬಿಗಿ ತೋಳಿನ ಮೇಲೆಯೇ ಪಟ್ಟಿ ಸುತ್ತಿದರೇ, ಅಳೆಯುವಾಗ ರೋಗಿ ಮಾತನಾಡುತ್ತಿದ್ದರೇ ಎಂಬುದನ್ನು ನೋಡಿ. ಕೆಲವೆಡೆ ನರ್ಸ್‌ಗೆ ಕ್ರಮ ಪೂರ್ತಿ ಗೊತ್ತಿರುತ್ತದೆ, ಆದರೆ ಸರದಿಯಲ್ಲಿ ಅರವತ್ತು ಜನ, ಕುರ್ಚಿ ಒಂದು, ಪಟ್ಟಿಯ ಗಾಳಿ ಸೋರುತ್ತಿರುತ್ತದೆ. ಅಲ್ಲಿ ಬೇಕಾದದ್ದು ಇನ್ನೊಂದು ಕುರ್ಚಿ, ಹೊಸ ಪಟ್ಟಿ, ಸರದಿಯ ಬೇರೆ ವ್ಯವಸ್ಥೆ. ಇನ್ನು ಕೆಲವೆಡೆ ಎಲ್ಲವೂ ಇದ್ದು ಕ್ರಮ ಮಾತ್ರ ತಪ್ಪಿರುತ್ತದೆ. ಅದನ್ನು ಸ್ಥಳದಲ್ಲೇ ಒಂದು ಗಂಟೆಯಲ್ಲಿ ತಿದ್ದಬಹುದು.

ಇದೇ ಬಗೆಯಲ್ಲಿ ಹೆರಿಗೆಯ ಕೇಸ್ ಶೀಟ್‌ನ ಪಾರ್ಟೋಗ್ರಾಫ್, ಅಂದರೆ ಹೆರಿಗೆ ನೋವಿನ ಪ್ರಗತಿಯನ್ನು ಹೊತ್ತುಹೊತ್ತಿಗೆ ಗುರುತಿಸುವ ನಕ್ಷೆ ನೋಡಿ. ಒಂದೇ ಶಾಯಿಯಲ್ಲಿ, ಒಂದೇ ಉಸಿರಿಗೆ ಎಳೆದಂಥ ಗೆರೆ ಹೆರಿಗೆಯಾದ ಮೇಲೆ ತುಂಬಿದ್ದಕ್ಕೆ ಸಾಕ್ಷಿ.

ಕೈಕೌಶಲವನ್ನು ಅಳೆಯುವುದು ಹೇಗೆ?

ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ನಾಲ್ಕು ಮೆಟ್ಟಿಲುಗಳನ್ನು ಹೇಳಿದರು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿಜ ಕೆಲಸದಲ್ಲಿ ಮಾಡುವುದು. ಬರಹದ ಪರೀಕ್ಷೆ ಮೊದಲ ಎರಡನ್ನು ಮಾತ್ರ ಮುಟ್ಟುತ್ತದೆ. ಮೂರನೆಯದಕ್ಕೆ ಗೊಂಬೆಯ ಮೇಲಿನ ಅಭ್ಯಾಸ ಮತ್ತು ಕೇಂದ್ರದಲ್ಲೇ ನಡೆಸುವ ಅಣಕು ತುರ್ತುಸ್ಥಿತಿ, ನಾಲ್ಕನೆಯದಕ್ಕೆ ನಿಜ ಕೆಲಸದ ವೀಕ್ಷಣೆ ಬೇಕು.

ಹೆರಿಗೆ ಕೊಠಡಿಯ ಮೇಜಿನ ಮೇಲೆ ಗೊಂಬೆಯನ್ನಿಟ್ಟು, ಮಗು ಅಳುತ್ತಿಲ್ಲ ಎಂದು ಹೇಳಿ ಗಡಿಯಾರ ನೋಡಿ. ಒರೆಸಿ ಬೆಚ್ಚಗಿಡುವುದು, ತಲೆಯ ಭಂಗಿ ಸರಿಪಡಿಸುವುದು, ಬೇಕಿದ್ದರೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಉಸಿರು ಕೊಡಲು ಆರಂಭಿಸುವುದು, ಎಲ್ಲವೂ ಮೊದಲ ಒಂದು ನಿಮಿಷದೊಳಗೆ ಆಗಬೇಕು. ಆನಂತರ ನಿಮಿಷಕ್ಕೆ 40ರಿಂದ 60 ಬಾರಿ ಉಸಿರು. ಇಂಥ ಅಭ್ಯಾಸದಲ್ಲಿ ಬೇರೆಬೇರೆ ಬಗೆಯ ಕೊರತೆಗಳು ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಮಾಸ್ಕ್ ಬಿಗಿಯಾಗಿ ಕೂರದೆ ಗೊಂಬೆಯ ಎದೆ ಏಳದಿದ್ದರೆ ಅದು ಕೌಶಲದ ಕೊರತೆ. ಬ್ಯಾಗ್ ಬೀರುವಿನಲ್ಲಿದ್ದು ಬೀಗದ ಕೈ ಹಿಂದಿನ ಪಾಳಿಯವರ ಬಳಿ ಉಳಿದಿದ್ದರೆ ಅದಕ್ಕೆ ಯಾವ ತರಬೇತಿಯೂ ಉತ್ತರವಲ್ಲ. ಆಯಾಗೆ ಏನು ಮಾಡಬೇಕೆಂದು ಯಾರೂ ಹೇಳದೆ ಆಕೆ ಬಾಗಿಲಲ್ಲಿ ನಿಂತಿದ್ದರೆ, ಕಲಿಯಬೇಕಾದದ್ದು ಇಡೀ ತಂಡ.

ಕೊರತೆ ತರಬೇತಿಯದ್ದೋ ವ್ಯವಸ್ಥೆಯದ್ದೋ ಎಂದು ಬೇಗನೆ ತಿಳಿಯಲು ಒಂದು ಮಾರ್ಗ ಹೇಳಬಹುದೇ?

ಎಲ್ಲ ಸಾಮಗ್ರಿ, ಸಮಯ, ಅನುಮತಿ ಇದ್ದಿದ್ದರೆ ಈ ನರ್ಸ್ ಈ ಕೆಲಸವನ್ನು ಇಂದು ಸರಿಯಾಗಿ ಮಾಡಬಲ್ಲರೇ ಎಂದು ಕೇಳಿಕೊಳ್ಳಿ. ಹೌದು ಎಂದಾದರೆ ಅದು ತರಬೇತಿಯ ಅಗತ್ಯವಲ್ಲ. ಇಲ್ಲ ಎಂದಾದರೆ ಮಾತ್ರ ಕಲಿಕೆಯ ಮಾತು. ಹಾವು ಕಡಿತದಲ್ಲಿ ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಒಳ್ಳೆಯ ನಿದರ್ಶನ. ಸ್ವಲ್ಪ ರಕ್ತವನ್ನು ಒಣಗಿದ, ಶುದ್ಧವಾದ ಗಾಜಿನ ನಳಿಕೆಯಲ್ಲಿ ತೆಗೆದು ಅಲುಗಾಡಿಸದೆ ಇಟ್ಟು, ಇಪ್ಪತ್ತು ನಿಮಿಷದ ನಂತರ ರಕ್ತ ಹೆಪ್ಪುಗಟ್ಟಿದೆಯೇ ಎಂದು ಓರೆಮಾಡಿ ನೋಡುವುದಷ್ಟೇ ಕೆಲಸ. ಕಲಿಸಲು ಹತ್ತು ನಿಮಿಷ ಸಾಕು. ಆದರೆ ಕೇಂದ್ರದಲ್ಲಿ ಪ್ಲಾಸ್ಟಿಕ್ ನಳಿಕೆಗಳು ಮಾತ್ರ ಇದ್ದರೆ ಎಷ್ಟು ಚೆನ್ನಾಗಿ ಕಲಿಸಿದರೂ ಫಲಿತಾಂಶ ನಂಬುವಂತಿರುವುದಿಲ್ಲ. ಗಾಜಿನ ನಳಿಕೆ ತರಿಸುವುದು ಮೊದಲ ಕೆಲಸ, ಕಲಿಸುವುದು ಎರಡನೆಯದು.

ವ್ಯವಸ್ಥೆಯ ಕೊರತೆಗಳ ಪಟ್ಟಿಯನ್ನೂ ಬರಹದಲ್ಲಿ ದಾಖಲಿಸಿ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿಯೂ ತಾಲ್ಲೂಕು ಆರೋಗ್ಯಾಧಿಕಾರಿಗಳ ಮುಂದೆಯೂ ಇಡಬೇಕು. ನಮ್ಮ ಅಭಿಪ್ರಾಯದಲ್ಲಿ ಅಗತ್ಯ ಗುರುತಿಸುವಿಕೆಯಿಂದ ಹೊರಬರುವ ಎರಡು ಪಟ್ಟಿಗಳಲ್ಲಿ ಇದೇ ಹೆಚ್ಚು ಬೆಲೆಯುಳ್ಳದ್ದು, ಮತ್ತು ಇದೇ ಹೆಚ್ಚಾಗಿ ಕಡತದಿಂದ ಬಿಟ್ಟುಹೋಗುವುದು.

ರೋಗಿಗಳನ್ನು, ಆಶಾ ಕಾರ್ಯಕರ್ತೆಯರನ್ನು ಕೇಳಬೇಕೇ?

ಖಂಡಿತ. ಚಿಕಿತ್ಸೆಯ ತಾಂತ್ರಿಕತೆಯ ಬಗ್ಗೆ ಅವರು ಹೇಳಲಾರರು. ಮಾತು, ನಡವಳಿಕೆ, ಗೌರವ, ಮಾತ್ರೆ ಹೇಗೆ ನುಂಗಬೇಕೆಂದು ಬಿಡಿಸಿ ಹೇಳಿದರೋ ಇಲ್ಲವೋ ಎಂಬುದರ ಬಗ್ಗೆ ಅವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು.

ಒಮ್ಮೆ ತರಬೇತಿ ಆದವರನ್ನು ಮತ್ತೆ ಅಳೆಯುವುದೇಕೆ?

ಬಳಸದ ಕೌಶಲ ಕುಗ್ಗುತ್ತದೆ. ನಿಂತ ಉಸಿರನ್ನು ಮರಳಿಸುವ ಕೈಚಳಕ ತರಬೇತಿಯಾದ ಕೆಲವೇ ತಿಂಗಳಲ್ಲಿ ಇಳಿಯುತ್ತದೆಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಪ್ರಮಾಣಪತ್ರದ ದಿನಾಂಕ ಆ ದಿನದ ಸ್ಥಿತಿಯನ್ನು ಮಾತ್ರ ತಿಳಿಸುತ್ತದೆ. ಹೆರಿಗೆಗಳು ಕಡಿಮೆಯಾಗಿ ಎಲ್ಲರೂ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಿರುವ ಕೇಂದ್ರಗಳಲ್ಲಿ ಈ ಕುಗ್ಗುವಿಕೆ ಇನ್ನೂ ಬೇಗ. ಅಲ್ಲಿ ದೀರ್ಘ ಶಿಬಿರಕ್ಕಿಂತ ತಿಂಗಳಿಗೊಮ್ಮೆ ಇಪ್ಪತ್ತು ನಿಮಿಷ ಕೇಂದ್ರದಲ್ಲೇ ಗೊಂಬೆಯ ಮೇಲೆ ಅಭ್ಯಾಸ ಮಾಡಿಸುವುದು ಹೆಚ್ಚು ಫಲಕಾರಿ.

ನೋಂದಣಿ ನವೀಕರಣಕ್ಕೆ ಬೇಕಾದ ನಿರಂತರ ಶಿಕ್ಷಣದ ಗಂಟೆಗಳೂ ಇದೂ ಒಂದೆಯೇ?

ಅಲ್ಲ. ನವೀಕರಣಕ್ಕೆ ಐದು ವರ್ಷಗಳಲ್ಲಿ 150 ಗಂಟೆಗಳ ನಿರಂತರ ಶುಶ್ರೂಷಾ ಶಿಕ್ಷಣ ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಅದು ಗಂಟೆಗಳನ್ನು ಎಣಿಸುತ್ತದೆ. ಯಾವ ವಿಷಯದಲ್ಲಿ ಆ ಗಂಟೆಗಳನ್ನು ಕಳೆಯಬೇಕೆಂಬುದನ್ನು ಅಗತ್ಯದ ಪಟ್ಟಿ ಹೇಳಬೇಕು.

ಕೊರತೆ ಒಪ್ಪಿಕೊಂಡರೆ ನೋಟಿಸ್ ಬರುತ್ತದೆ ಎಂಬ ಭಯ ನರ್ಸ್‌ಗಳಲ್ಲಿದೆ. ಏನು ಮಾಡಬೇಕು?

ಭಯಕ್ಕೆ ಕಾರಣವಿದೆ. ಗುತ್ತಿಗೆಯ ಮೇಲೆ ಇರುವವರಿಗೆ ಅದು ಇನ್ನೂ ಹೆಚ್ಚು, ಏಕೆಂದರೆ ವರ್ಷಾಂತ್ಯದ ನವೀಕರಣ ಅವರ ಮನೆಯ ಅನ್ನದ ಪ್ರಶ್ನೆ. ಆದ್ದರಿಂದ ಪ್ರಶ್ನಾವಳಿಯಲ್ಲಿ ಹೆಸರಿರಬಾರದು. ಮೂರೇ ಜನರಿರುವ ಕೇಂದ್ರದಲ್ಲಿ ಹೆಸರಿಲ್ಲದಿದ್ದರೂ ಕೈಬರಹದಿಂದ ಗುರುತು ಸಿಗುವುದರಿಂದ ಹಲವು ಕೇಂದ್ರಗಳ ಹಾಳೆಗಳನ್ನು ಒಟ್ಟಿಗೆ ಸೇರಿಸಿಯೇ ತೆರೆಯಬೇಕು. ಕೌಶಲ ವೀಕ್ಷಣೆಯ ಫಲಿತಾಂಶ ಆ ನರ್ಸ್‌ಗೂ ತರಬೇತುದಾರರಿಗೂ ಮಾತ್ರ ತಿಳಿದಿರಬೇಕು, ವಾರ್ಷಿಕ ಮೌಲ್ಯಮಾಪನದ ಕಡತಕ್ಕೆ ಹೋಗಬಾರದು. ಈ ಎರಡೂ ನಿಯಮಗಳನ್ನು ಆರಂಭದಲ್ಲೇ ಲಿಖಿತವಾಗಿ ತಿಳಿಸಿ, ಒಮ್ಮೆಯೂ ಮುರಿಯಬೇಡಿ. ಒಮ್ಮೆ ಮುರಿದರೆ ಮುಂದಿನ ವರ್ಷ ಎಲ್ಲರ ಹಾಳೆಯಲ್ಲೂ ಏಳಕ್ಕೆ ಏಳು ಅಂಕವೇ ಇರುತ್ತದೆ.

ಎಷ್ಟು ದಿನಗಳಿಗೊಮ್ಮೆ ಮಾಡಬೇಕು, ಎಷ್ಟು ವಿಷಯ ಆರಿಸಬೇಕು?

ಪೂರ್ಣ ಪ್ರಮಾಣದಲ್ಲಿ ವರ್ಷಕ್ಕೊಮ್ಮೆ, ಜಿಲ್ಲೆಯ ವಾರ್ಷಿಕ ಕ್ರಿಯಾಯೋಜನೆ ಸಿದ್ಧವಾಗುವ ಮೊದಲು ಮಾಡಿದರೆ ಹಣ ಕೇಳಲು ಅನುಕೂಲ. ಹೊಸ ಕೆಲಸ, ಹೊಸ ಉಪಕರಣ, ಹೊಸ ಲಸಿಕೆ ಬಂದಾಗ ಅಥವಾ ತಾಯಿ, ಶಿಶು ಮರಣದ ಪರಿಶೀಲನೆಯಲ್ಲಿ ಆರೈಕೆಯ ಲೋಪ ಕಂಡಾಗ ಆ ವಿಷಯಕ್ಕೆ ಸೀಮಿತವಾಗಿ ಮಧ್ಯದಲ್ಲೂ ಮಾಡಬೇಕು. ಆಯ್ಕೆಯಲ್ಲಿ ಮೊದಲ ಸ್ಥಾನ ತಡವಾದರೆ ಜೀವಕ್ಕೇ ಅಪಾಯವಾಗುವ ಕೌಶಲಗಳಿಗೆ, ಎರಡನೆಯದು ದಿನವೂ ನೂರಾರು ಜನರನ್ನು ಮುಟ್ಟುವ ಕೆಲಸಗಳಿಗೆ. ಒಂದು ಕೇಂದ್ರಕ್ಕೆ ವರ್ಷಕ್ಕೆ ಮೂರು ಅಥವಾ ನಾಲ್ಕು ವಿಷಯಗಳಿಗಿಂತ ಹೆಚ್ಚು ಹಿಡಿಯಬೇಡಿ. ಪ್ರತಿ ವಿಷಯದ ಎದುರಿಗೂ ಯಾರು ಕಲಿಯುತ್ತಾರೆ, ಅವರ ಪಾಳಿಯನ್ನು ಯಾರು ನೋಡಿಕೊಳ್ಳುತ್ತಾರೆ, ಆರು ತಿಂಗಳ ನಂತರ ಯಾವ ಪುಸ್ತಕದ ಯಾವ ಕಾಲಂನಲ್ಲಿ ಬದಲಾವಣೆ ಕಾಣಬೇಕು ಎಂಬ ಮೂರನ್ನು ಬರೆದಿಡಿ.